ಕೊನೆಯ ಸಾಲಿನ ಹೆಸರು

ಮೊದಲ ದಿನ: ಫೋರಂ

ರೋಮ್ ಅಂದ ಕೂಡಲೇ ಎಲ್ಲರ ಮನಸ್ಸು ಸೀಸರ್, ಅಗಸ್ಟಸ್ ಕಾಲಕ್ಕೆ ಹೋಗುತ್ತದೆ. ನಾನು ನೋಡಬೇಕೆಂದಿದ್ದು ಅವರಿಗಿಂತ ಮೂರ್ನಾಲ್ಕು ಶತಮಾನ ಈಚಿನ ರೋಮ್. ಕ್ರಿ.ಶ. 300ರಿಂದ 600ರವರೆಗಿನದು ಅನ್ನಿ. ಸಾಮ್ರಾಜ್ಯ ಕುಸಿಯುತ್ತಿದ್ದ ಆ ದಿನಗಳಲ್ಲೂ ಇಲ್ಲಿಯವರು ಚಕ್ರವರ್ತಿಗಳಿಗೆ, ಸೇನಾಪತಿಗಳಿಗೆ, ಕವಿಗಳಿಗೆ, ಪೂಜಾರಿಣಿಯರಿಗೆ ಪ್ರತಿಮೆ ನಿಲ್ಲಿಸುತ್ತಲೇ ಇದ್ದರು. ಕೆಳಗಿನ ಪೀಠದ ಮೇಲೆ ಲ್ಯಾಟಿನ್ ಶಾಸನ ಕೆತ್ತಿಸುತ್ತಿದ್ದರು. ಕಂಚಿನ ಪ್ರತಿಮೆಗಳನ್ನು ಆಮೇಲೆ ಬಂದವರು ಕರಗಿಸಿಕೊಂಡರು. ಅಮೃತಶಿಲೆಯವು ಎಷ್ಟೋ ಸುಣ್ಣದ ಗೂಡಿಗೆ ಹೋದವು. ಹೆಚ್ಚಾಗಿ ಉಳಿದದ್ದು ಪೀಠಗಳೇ. ಹಾಗಾಗಿ ಇದು ಪೀಠಗಳನ್ನು ಹುಡುಕಿಕೊಂಡು ಹೋದ ಪ್ರವಾಸ.

ಜೊತೆಗೆ ತಂಗಿ ಇದ್ದಳು. ಮಿಲಾನ್‌ನಲ್ಲಿ ಕೆಲಸ ಮಾಡುತ್ತಾಳೆ, ಇಟಾಲಿಯನ್ ಚೆನ್ನಾಗಿ ಬರುತ್ತದೆ. ಲ್ಯಾಟಿನ್ ಓದುವುದು ನನ್ನ ಪಾಲಿಗೆ, ದಾರಿ ಕೇಳುವುದು, ಫೋಟೋ ತೆಗೆಯುವುದು ಅವಳ ಪಾಲಿಗೆ.

ಬೆಳಿಗ್ಗೆ ಬಾಗಿಲು ತೆಗೆಯುವ ಹೊತ್ತಿಗೇ ಫೋರಂ ಒಳಗೆ, ಅಂದರೆ ಹಳೆಯ ರೋಮಿನ ಊರ ನಡುವಿನ ಸಾರ್ವಜನಿಕ ಅಂಗಳಕ್ಕೆ, ಹೋದೆವು. ಸೆನೆಟ್ ಸೇರುತ್ತಿದ್ದ ಕ್ಯೂರಿಯಾ ಕಟ್ಟಡ, ಅದರ ಪಕ್ಕ ಸೆಪ್ಟಿಮಿಯಸ್ ಸೆವೆರಸ್‌ನ ಕಮಾನು. ಜನರೆಲ್ಲ ಕಮಾನಿನ ಫೋಟೋ ತೆಗೆಯುತ್ತಾರೆ. ಅದರ ಹತ್ತಿರವೇ ಒಂದು ದಪ್ಪ ಪೀಠವಿದೆ. ಚಕ್ರವರ್ತಿ ಎರಡನೇ ಕಾನ್‌ಸ್ಟಾಂಟಿಯಸ್ ಕುದುರೆ ಏರಿ ಕೂತ ಪ್ರತಿಮೆ ಅದರ ಮೇಲಿತ್ತು. 'ರೋಮ್ ನಗರವನ್ನೂ ಲೋಕವನ್ನೂ ಮತ್ತೆ ಎತ್ತಿ ನಿಲ್ಲಿಸಿದವನಿಗೆ, ಪಿಡುಗಿನಂಥ ದಬ್ಬಾಳಿಕೆಯನ್ನು ಅಳಿಸಿದವನಿಗೆ' ಎಂದು ಶುರುವಾಗುತ್ತದೆ. ದಬ್ಬಾಳಿಕೆ ಅಂದಿದ್ದು ಮಾಗ್ನೆಂಟಿಯಸ್‌ನದು. ಅವನು 350ರಲ್ಲಿ ಸಿಂಹಾಸನ ಕಸಿದುಕೊಂಡಿದ್ದ, 353ರಲ್ಲಿ ಸೋತು ತಾನೇ ಪ್ರಾಣ ಬಿಟ್ಟ. ನಿಲ್ಲಿಸಿದವನು ನೆರಾಟಿಯಸ್ ಸೆರೆಯಾಲಿಸ್, 352–353ರಲ್ಲಿ ನಗರದ ಪ್ರಿಫೆಕ್ಟ್, ಅಂದರೆ ರೋಮಿನ ಮುಖ್ಯ ಆಡಳಿತಗಾರ. ಶತ್ರುವಿನ ಕೈಯಲ್ಲಿದ್ದ ಊರಿಗೆ ಈಗಷ್ಟೇ ಹೊಸ ಯಜಮಾನ ಬಂದಿದ್ದಾನೆ. ಊರು ನಿಷ್ಠೆ ತೋರಿಸಬೇಕು, ಆದಷ್ಟು ಬೇಗ, ಎಲ್ಲರಿಗೂ ಕಾಣುವ ಜಾಗದಲ್ಲಿ. ಆ ಆತುರವನ್ನು ಕಲ್ಲಿನಲ್ಲಿ ಓದಬಹುದು.

ಇಂಥ ಪೀಠಗಳ ತುದಿಯಲ್ಲಿ ಡಿ ಎನ್ ಎಂ ಕ್ಯೂ ಇ ಎಂಬ ಐದು ಅಕ್ಷರ ಮತ್ತೆ ಮತ್ತೆ ಸಿಗುತ್ತವೆ. 'ಚಕ್ರವರ್ತಿಯ ದೈವತ್ವಕ್ಕೂ ಘನತೆಗೂ ಮುಡಿಪಾದವನು' ಎಂದು ಅದರ ಅರ್ಥ. ಪ್ರತಿಮೆ ನಿಲ್ಲಿಸಿದ ಅಧಿಕಾರಿ ತನ್ನ ಹೆಸರಿನ ಪಕ್ಕ ಹಾಕಿಸಿಕೊಳ್ಳುತ್ತಿದ್ದ ಮಾತು ಇದು. ಇದನ್ನು ಗಮನಿಸಿದ ಮೇಲೆ ನಾನು ಪ್ರತಿ ಶಾಸನವನ್ನೂ ಕೆಳಗಿನಿಂದ ಓದಲು ಶುರುಮಾಡಿದೆ. ಮೇಲೆ ಹೊಗಳಿಸಿಕೊಂಡವನು, ಕೆಳಗೆ ಹೊಗಳಿದವನು. ನನಗೆ ಕುತೂಹಲ ಹುಟ್ಟಿಸಿದ್ದು ಕೆಳಗಿನವನು.

ಸೇನಾಪತಿ ಸ್ಟಿಲಿಕೊನ ಪೀಠಕ್ಕೆ ಬಂದಾಗ ಮೊದಲು ನೋಡಿದವಳು ತಂಗಿ. "ಅಕ್ಕಾ, ಇಲ್ಲಿ ನೋಡು, ಯಾರೋ ಕೆತ್ತಿ ಹಾಕಿದ್ದಾರೆ."

ಹೌದು. ಎತ್ತರದ ಬಿಳಿ ಕಲ್ಲು. ಇದನ್ನು ಹೊಸದಾಗಿ ಮಾಡಿಸಿದ್ದೂ ಅಲ್ಲ. ಯಾವುದೋ ಹಳೆಯ ಕುದುರೆ ಪ್ರತಿಮೆಯ ಪೀಠವನ್ನು ಎತ್ತಿ ನೆಟ್ಟಗೆ ನಿಲ್ಲಿಸಿದ್ದಾರೆ. ಹಳೆಯ ಪ್ರತಿಮೆಯನ್ನು ಕೂರಿಸಿದ್ದ ಗುಳಿಗಳು ಪಕ್ಕದ ಮುಖದಲ್ಲಿ ಹಾಗೇ ಇವೆ. ಮುಂದಿನ ಮುಖದಲ್ಲಿ ಶಾಸನ. ಅರ್ಕಾಡಿಯಸ್, ಹೊನೊರಿಯಸ್, ಎರಡನೇ ಥಿಯೊಡೋಸಿಯಸ್ ಎಂಬ ಮೂವರು ಚಕ್ರವರ್ತಿಗಳ ಸೈನಿಕರ ನಿಷ್ಠೆಗೂ ಶೌರ್ಯಕ್ಕೂ ಇದು ಅರ್ಪಣೆ. ಉತ್ತರದಿಂದ ನುಗ್ಗಿದ ಗಾಥ್ ಜನರ ಮೇಲಿನ ಯುದ್ಧ ಮುಗಿದಿದೆ. 406ರಲ್ಲಿ ಫ್ಲಾರೆನ್ಸ್ ಹತ್ತಿರದ ಫಿಯೆಸೊಲೆಯಲ್ಲಿ ಅವರ ನಾಯಕ ರಾಡಗೈಸಸ್‌ನ ದಂಡು ಸೋತ ಯುದ್ಧ. ಹೊನೊರಿಯಸ್‌ನ ಭಾಗ್ಯದಿಂದ ಗೆದ್ದೆವು ಎನ್ನುತ್ತದೆ ಕಲ್ಲು. ಜೊತೆಗೆ ಇನ್ನೊಬ್ಬರ ಬುದ್ಧಿವಂತಿಕೆ, ಧೈರ್ಯದಿಂದ ಎಂದೂ ಹೇಳುತ್ತದೆ. ಅವರು ಯಾರು? 'ಕೊಮಿಟಿಸ್ ಎಟ್' ಎಂದು ಬರೆದಿದೆ. ಒಂದು ಪದವಿಯ ಹೆಸರು, ಆಮೇಲೆ 'ಮತ್ತು'. ಅದರ ಮುಂದೆ ಏನೂ ಇಲ್ಲ. ಕಲ್ಲು ತಗ್ಗಾಗಿದೆ, ಉಳಿಯ ಹೊಡೆತಗಳು ಸಾಲಾಗಿ ಕಾಣುತ್ತವೆ. ಅಲ್ಲಿದ್ದದ್ದು ಕಾಲಾಳು, ಕುದುರೆ ಎರಡೂ ಪಡೆಗಳ ಮಹಾಸೇನಾಪತಿ, ಎರಡು ಸಲ ಕಾನ್ಸಲ್ ಎಂಬ ದೊಡ್ಡ ಪದವಿಗೇರಿದ ಫ್ಲಾವಿಯಸ್ ಸ್ಟಿಲಿಕೊ ಎಂಬ ಹೆಸರು.

ಸ್ಟಿಲಿಕೊನ ಅಪ್ಪ ವ್ಯಾಂಡಲ್ ಕುಲದವನು. ಹೊನೊರಿಯಸ್ ಹುಡುಗನಾಗಿದ್ದಾಗ ಪಶ್ಚಿಮ ಸಾಮ್ರಾಜ್ಯವನ್ನು ಹೆಚ್ಚುಕಡಿಮೆ ನಡೆಸಿದವನು, ತನ್ನ ಇಬ್ಬರು ಹೆಣ್ಣುಮಕ್ಕಳನ್ನು ಒಬ್ಬರಾದ ಮೇಲೊಬ್ಬರಂತೆ ಅವನಿಗೇ ಕೊಟ್ಟವನು. 408ರ ಆಗಸ್ಟ್‌ನಲ್ಲಿ ರಾವೆನ್ನಾದಲ್ಲಿ ಅದೇ ಅಳಿಯನ ಆಜ್ಞೆಯಂತೆ ಅವನ ತಲೆ ಹೋಯಿತು. ಈ ಕಲ್ಲು ನಿಂತು ಹೆಚ್ಚೆಂದರೆ ಎರಡು ವರ್ಷ. ಉಳಿ ಹಿಡಿದವನು ಬಂದು ಸರಿಯಾಗಿ ಅಷ್ಟೇ ಜಾಗ ಕೆತ್ತಿ ಹೋದ. ಸೈನಿಕರ ನಿಷ್ಠೆ ಉಳಿಯಿತು, ಯುದ್ಧದ ಗೆಲುವು ಉಳಿಯಿತು. ಇದನ್ನೆಲ್ಲ ನೋಡಿಕೊಂಡ ಪ್ರಿಫೆಕ್ಟ್ ಪಿಸಿಡಿಯಸ್ ರೊಮುಲಸ್‌ನ ಹೆಸರು ಕೊನೆಯಲ್ಲಿ ಹಾಗೇ ಇದೆ, ಒಂದು ಅಕ್ಷರವೂ ಕೆಟ್ಟಿಲ್ಲ. ಇನ್ನೆರಡು ವರ್ಷಕ್ಕೆ, 410ರಲ್ಲಿ, ಗಾಥರ ದೊರೆ ಅಲಾರಿಕ್ ಬಂದು ರೋಮನ್ನು ಕೊಳ್ಳೆ ಹೊಡೆದ. ತಡೆಯಬಲ್ಲವನು ಇರಲಿಲ್ಲ. ಆ ತಗ್ಗಿನ ಮುಂದೆ ನಿಂತಾಗ ನನಗೆ ನಿಜಕ್ಕೂ ಹೊಟ್ಟೆ ಉರಿಯಿತು.

ಅಲ್ಲಿಂದ ನಾಲ್ಕು ಹೆಜ್ಜೆಗೆ ಫೊಕಾಸ್ ಕಂಬ. ಫೋರಂನಲ್ಲಿ ಕೊನೆಯದಾಗಿ ಎದ್ದ ಸ್ಮಾರಕ ಇದೇ. ಕಂಬ 13.6 ಮೀಟರ್, ಅದೂ ಹಳೆಯ ಕಟ್ಟಡದ್ದು. ರಾವೆನ್ನಾದಿಂದ ಇಟಲಿಯನ್ನು ಆಳುತ್ತಿದ್ದ ಸ್ಮರಾಗ್ಡಸ್ ಎಂಬ ಎಕ್ಸಾರ್ಕ್, 608ರ ಆಗಸ್ಟ್ 1ರಂದು ಇದರ ತುದಿಯಲ್ಲಿ ಚಕ್ರವರ್ತಿ ಫೊಕಾಸ್‌ನ ಪ್ರತಿಮೆ ನಿಲ್ಲಿಸಿದ, ಚಿನ್ನದ ಹೊಳಪಿನದು. 'ಅತ್ಯುತ್ತಮ, ಅತಿ ದಯಾಳು' ಎಂದು ಶುರುಮಾಡಿ, ಇಟಲಿಗೆ ತಂದ ನೆಮ್ಮದಿಗಾಗಿ, ಕಾಪಾಡಿದ ಸ್ವಾತಂತ್ರ್ಯಕ್ಕಾಗಿ ಎಂದು ಕೆತ್ತಿಸಿದ. ಈ ಫೊಕಾಸ್ ಹಿಂದಿನ ಚಕ್ರವರ್ತಿ ಮಾರಿಸ್‌ನನ್ನೂ ಅವನ ಗಂಡುಮಕ್ಕಳನ್ನೂ ಕೊಲ್ಲಿಸಿ ಪಟ್ಟಕ್ಕೆ ಬಂದವನು. 610ರಲ್ಲಿ ಮುಂದಿನ ಚಕ್ರವರ್ತಿ ಹೆರಾಕ್ಲಿಯಸ್ ಇವನನ್ನೂ ಕೊಲ್ಲಿಸಿದ. ಇಲ್ಲೂ ಹೆಸರನ್ನು ಕೆತ್ತಿ ತೆಗೆದರು. ಕೆಳಗಿನ ಸಾಲುಗಳಲ್ಲಿ ಸ್ಮರಾಗ್ಡಸ್ ಕ್ಷೇಮ.

"ಅಂದ್ರೆ ಮೇಲಿನವನಿಗೆ ಅಪಾಯ, ಕೆಳಗಿನವನಿಗೆ ಏನೂ ಆಗಲ್ಲ, ಅಲ್ವಾ ಅಕ್ಕಾ?" ಅಂದಳು ತಂಗಿ. ಮಧ್ಯಾಹ್ನ ಅವಳ ಮಾತಿಗೆ ಇನ್ನೊಂದು ಸಾಕ್ಷಿ ಸಿಕ್ಕಿತು.

ವೆಸ್ಟಾ ದೇವಿಯ ಪೂಜಾರಿಣಿಯರ ಮನೆ ಫೋರಂನ ಇನ್ನೊಂದು ತುದಿಯಲ್ಲಿದೆ. ನಡುವೆ ಕೊಳ, ಅಂಚಿನಲ್ಲಿ ಸಾಲಾಗಿ ತಲೆಯಿಲ್ಲದ ಪ್ರತಿಮೆಗಳು. ಈಗಿರುವ ಸಾಲು ಇತ್ತೀಚಿನವರು ಜೋಡಿಸಿದ್ದು. ಅಲ್ಲಿಯ ಒಂದು ಪೀಠ 364ನೇ ಇಸವಿಯದು, ತಾರೀಖು ಜೂನ್ 9. 'ಆಕೆಯ ಶೀಲಕ್ಕಾಗಿ, ಮರ್ಯಾದೆಗಾಗಿ, ಪೂಜೆ ಆಚರಣೆಗಳಲ್ಲಿ ಆಕೆಗಿದ್ದ ಅಚ್ಚರಿಯ ಪಾಂಡಿತ್ಯಕ್ಕಾಗಿ' ಎಂದು ಮುಖ್ಯ ಪೂಜಾರಿಣಿಯೊಬ್ಬಳನ್ನು ಹೊಗಳಿದೆ. ಹೆಸರಿನ ಮೊದಲ ಅಕ್ಷರ ಸಿ ಉಳಿದಿದೆ. ಮುಂದಿನದನ್ನು ತೆಗೆದುಹಾಕಿದ್ದಾರೆ. ಆಕೆ ಕ್ರೈಸ್ತಳಾದಳು, ಅದಕ್ಕೇ ಹೀಗೆ ಮಾಡಿದರು ಎಂದು ಹಲವು ವಿದ್ವಾಂಸರ ಊಹೆ. ಕನ್ಯಾವ್ರತ ಮುರಿದಿರಬೇಕು ಎಂದು ಇನ್ನು ಕೆಲವರು. ನನಗೆ ಮೊದಲನೆಯದೇ ಸರಿ ಅನ್ನಿಸುತ್ತದೆ. ವ್ರತ ಮುರಿದವಳ ಕಲ್ಲಿನಲ್ಲಿ 'ಶೀಲಕ್ಕಾಗಿ' ಎಂಬ ಮಾತನ್ನು ಯಾರಾದರೂ ಹಾಗೇ ಬಿಡುತ್ತಾರಾ? ಪ್ರತಿಮೆ ನಿಲ್ಲಿಸಿದ ಪುರೋಹಿತರ ಪರವಾಗಿ ಮಾಕ್ರಿನಿಯಸ್ ಸೋಸಿಯಾನಸ್ ಎಂಬ ಹೆಸರು ಮಾತ್ರ ಸ್ಪಷ್ಟವಾಗಿದೆ.

ಎರಡನೇ ದಿನ: ಟ್ರೇಜನ್ ಫೋರಂ, ಕ್ಯಾಪಿಟೋಲಿನ್

ಟ್ರೇಜನ್ ಫೋರಂ ನೋಡಲು ಟಿಕೆಟ್ ಇಲ್ಲದೆಯೂ ಆಗುತ್ತದೆ. ರಸ್ತೆ ಪಕ್ಕದ ಕಂಬಿಗೆ ಒರಗಿ ನಿಂತರೆ ಇಡೀ ಅಂಗಳ ಕೆಳಗೆ ಕಾಣುತ್ತದೆ. ನಾಲ್ಕು, ಐದನೇ ಶತಮಾನದಲ್ಲಿ ಪ್ರತಿಮೆಗೆ ಇದಕ್ಕಿಂತ ದೊಡ್ಡ ಜಾಗ ಇರಲಿಲ್ಲ. 357ರಲ್ಲಿ ಕಾನ್‌ಸ್ಟಾಂಟಿಯಸ್ ರೋಮಿಗೆ ಬಂದಾಗ ಇಲ್ಲಿ ಬೆರಗಾಗಿ ನಿಂತನಂತೆ. ಬೇರೇನೂ ನನ್ನ ಕೈಲಾಗದು, ನಡುವೆ ಇರುವ ಚಕ್ರವರ್ತಿ ಟ್ರೇಜನ್‌ನ ಪ್ರತಿಮೆಯ ಕುದುರೆಯಂಥದ್ದೊಂದನ್ನು ಮಾಡಿಸುತ್ತೇನೆ ಅಂದ. ಪಕ್ಕದಲ್ಲಿದ್ದ ಪರ್ಷಿಯಾದ ರಾಜಕುಮಾರ ಓರ್ಮಿಸ್ದಾಸ್, "ಮೊದಲು ಇಂಥದ್ದೇ ಲಾಯ ಕಟ್ಟಿಸಿ" ಅಂದನಂತೆ. ಆ ಕಾಲದ ಇತಿಹಾಸಕಾರ ಅಮ್ಮಿಯಾನಸ್ ಹೇಳುವ ಕಥೆ.

ಅದೇ ಅಮ್ಮಿಯಾನಸ್‌ಗೆ ಪ್ರತಿಮೆಯ ಹುಚ್ಚು ಹಿಡಿದ ಸಿರಿವಂತರನ್ನು ಕಂಡರೆ ಆಗುತ್ತಿರಲಿಲ್ಲ. ಜೀವವಿಲ್ಲದ ಲೋಹದಿಂದ ಅಮರರಾಗುತ್ತೇವೆ ಅಂದುಕೊಂಡಿದ್ದಾರೆ, ಅದಕ್ಕೆ ಚಿನ್ನದ ಲೇಪ ಬೇರೆ ಎಂದು ಬರೆದ. ಅವನ ಸಿಟ್ಟು ನನಗೆ ಅರ್ಥವಾಗುತ್ತದೆ. ಆದರೂ ಇಲ್ಲಿ ಸಿಕ್ಕ ಒಂದು ಪೀಠದ ವಿಷಯದಲ್ಲಿ ನಾನು ಅವನ ಮಾತು ಒಪ್ಪುವುದಿಲ್ಲ.

ಅದು 1849ರಲ್ಲಿ ಈ ಅಂಗಳದಲ್ಲಿ ಸಿಕ್ಕಿದ್ದು. ನಿಕೊಮಾಕಸ್ ಫ್ಲಾವಿಯಾನಸ್ ಎಂಬ ಸೆನೆಟರ್‌ನದು. ಅವನು ಹಳೆಯ ದೇವರುಗಳನ್ನು ನಂಬಿದವನು, ಇತಿಹಾಸ ಬರೆದವನು. ಚಕ್ರವರ್ತಿ ಒಂದನೇ ಥಿಯೊಡೋಸಿಯಸ್ ವಿರುದ್ಧ ಬಂಡೆದ್ದ ಯೂಜೀನಿಯಸ್‌ನ ಪಕ್ಷ ಸೇರಿದ. 394ರಲ್ಲಿ ಫ್ರಿಜಿಡಸ್ ನದಿಯ ಹತ್ತಿರ ಅವರ ಪಕ್ಷ ಸೋತಾಗ ಆತ್ಮಹತ್ಯೆ ಮಾಡಿಕೊಂಡ. ಹೆಸರು ಕೆಟ್ಟಿತು, ಗೌರವ ಹೋಯಿತು. ಹಾಗೆ 37 ವರ್ಷ ಕಳೆದವು. 431ರಲ್ಲಿ ಅವನ ಮೊಮ್ಮಗ ಅಪ್ಪಿಯಸ್ ನಿಕೊಮಾಕಸ್ ಡೆಕ್ಸ್ಟರ್ ಅಜ್ಜನ ಪ್ರತಿಮೆಯನ್ನು ಮತ್ತೆ ನಿಲ್ಲಿಸಿದ. ಆಗ ಆಳುತ್ತಿದ್ದವರು ಅದೇ ಥಿಯೊಡೋಸಿಯಸ್‌ನ ವಂಶದವರೇ. ಅವರು ಸೆನೆಟ್‌ಗೆ ಬರೆದ ಪತ್ರವನ್ನೇ ಪೀಠದ ಮೇಲೆ ಉದ್ದಕ್ಕೂ ಕೆತ್ತಿಸಿದ್ದಾರೆ. ಹೊಟ್ಟೆಕಿಚ್ಚಿನವರ ಪಿತೂರಿಯಿಂದ ಹೀಗಾಯಿತು, ನಮ್ಮ ಅಜ್ಜನಿಗೆ ಅವನು ಬದುಕಿರಬೇಕೆಂಬ ಆಸೆಯೇ ಇತ್ತು ಎಂಬುದು ಪತ್ರದ ಧಾಟಿ. ರಾಜರು ತಮ್ಮ ಅಜ್ಜನ ಹೆಸರನ್ನೂ ಕಾಪಾಡಿಕೊಂಡರು, ಡೆಕ್ಸ್ಟರ್ ತನ್ನ ಅಜ್ಜನ ಹೆಸರನ್ನೂ ವಾಪಸ್ ತಂದ.

ಆ ಪತ್ರದ ಪಾಠವನ್ನು ಕಂಬಿಯ ಹತ್ತಿರ ನಿಂತು ತಂಗಿಗೆ ಓದಿ ಹೇಳಿದೆ. ಡೆಕ್ಸ್ಟರ್ ತಾನೂ ನಗರದ ಪ್ರಿಫೆಕ್ಟ್ ಆಗಿದ್ದವನು. ಆ ಪದವಿಗೇರಿದ ಮೇಲೂ ಅಜ್ಜನನ್ನು ಮರೆಯಲಿಲ್ಲ. ಅವನ ಹೆಸರು ಕೆಳಗಿದೆ, 'ಅತ್ಯುತ್ತಮ ಅಜ್ಜನಿಗೆ' ಎಂಬ ಮಾತಿನ ಜೊತೆ. ಇಡೀ ಪ್ರವಾಸದಲ್ಲಿ ನನಗೆ ಜಾಸ್ತಿ ಹಿಡಿಸಿದ ಕೊನೆಯ ಸಾಲು ಇದು.

ಮಧ್ಯಾಹ್ನ ಕ್ಯಾಪಿಟೋಲಿನ್ ಮ್ಯೂಸಿಯಂ. ಕಾನ್‌ಸ್ಟಾಂಟೈನ್‌ನ ದೊಡ್ಡ ತಲೆ, ಕೈ ಇರುವ ಅಂಗಳದಲ್ಲಿ ಎಂದಿನಂತೆ ಗುಂಪು. ನಾವು ಹುಡುಕಿದ್ದು ಸೆನೆಟರ್ ಪ್ರೆಟೆಕ್ಸ್ಟಾಟಸ್ ಮತ್ತು ಪೌಲಿನಾ ಗಂಡ ಹೆಂಡತಿಯ ಕಲ್ಲು. ಇದು ಊರಿನವರು ಗೌರವಕ್ಕೆ ನಿಲ್ಲಿಸಿದ್ದಲ್ಲ, ಸತ್ತ ಗಂಡನ ನೆನಪಿನದು. ಆದರೂ ರೂಪ ಅದೇ ಪೀಠದ್ದು. ಪ್ರೆಟೆಕ್ಸ್ಟಾಟಸ್ 384ರಲ್ಲಿ ತೀರಿಕೊಂಡ. ಮುಂದಿನ ಮುಖದಲ್ಲಿ ಅವನ ಪುರೋಹಿತ ಪದವಿಗಳೂ ಅಧಿಕಾರಗಳೂ ಉದ್ದಕ್ಕೂ ಇಳಿಯುತ್ತವೆ. ಕೊನೆಗೆ, ಇಬ್ಬರೂ 40 ವರ್ಷ ಜೊತೆಯಾಗಿ ಬಾಳಿದರು ಎಂದಿದೆ. ಹಿಂದಿನ ಮುಖದಲ್ಲಿ ಪೌಲಿನಾ ಗಂಡನಿಗೆ ಹೇಳುವ ಉದ್ದನೆಯ ಪದ್ಯ. ಆ ಪದವಿಗಳೆಲ್ಲ ನಿನ್ನ ಕಣ್ಣಿಗೆ ಸಣ್ಣವು ಎನ್ನುತ್ತಾಳೆ. ಮುಂದೆ ಅಷ್ಟು ಶ್ರದ್ಧೆಯಿಂದ ಪಟ್ಟಿ ಮಾಡಿಸಿ, ಹಿಂದೆ ಅವೆಲ್ಲ ಸಣ್ಣವು ಅನ್ನುವುದಿದೆಯಲ್ಲ, ಅದನ್ನು ಓದಿ ನಾನು ಕಲ್ಲಿನ ಸುತ್ತ ಮತ್ತೊಂದು ಸುತ್ತು ಹಾಕಿದೆ.

ಇವನ ಹೆಸರಿನಲ್ಲೇ ಒಂದು ಜಗಳವೂ ನಡೆದಿತ್ತು. ಅವನು ಸತ್ತ ಮೇಲೆ ವೆಸ್ಟಾ ಪೂಜಾರಿಣಿಯರು ಅವನಿಗೊಂದು ಪ್ರತಿಮೆ ನಿಲ್ಲಿಸಲು ಹೊರಟರು. ಗೆಳೆಯನೇ ಆದ ಸಿಮ್ಮಾಕಸ್ ಬೇಡ ಅಂದ. ಕನ್ಯೆಯರು ಗಂಡಸರಿಗೆ ಪ್ರತಿಮೆ ಮಾಡಿಸಿದ ವಾಡಿಕೆ ಇಲ್ಲ, ಒಮ್ಮೆ ದಾರಿ ಬಿಟ್ಟರೆ ಮುಂದೆ ಯೋಗ್ಯತೆ ಇಲ್ಲದವರಿಗೂ ಮಾಡಿಸುತ್ತಾರೆ ಎಂದು ವಾದಿಸಿದ. ಹೀಗೆ ಪತ್ರ ಬರೆದದ್ದು ಯಾರಿಗೆ ಅಂದರೆ, ಬೆಳಿಗ್ಗೆ ಹೇಳಿದ ಅದೇ ಫ್ಲಾವಿಯಾನಸ್‌ಗೆ. ಮುಖ್ಯ ಪೂಜಾರಿಣಿ ಕೊಯೆಲಿಯಾ ಕಾನ್ಕಾರ್ಡಿಯಾ ಕೇಳಲಿಲ್ಲ, ಪ್ರತಿಮೆ ನಿಲ್ಲಿಸಿದಳು. ಪೌಲಿನಾ ಪ್ರತಿಯಾಗಿ ಕಾನ್ಕಾರ್ಡಿಯಾಗೆ ಪ್ರತಿಮೆ ಮಾಡಿಸಿದಳು. ನನ್ನ ಗಂಡನಿಗೆ ಮೊದಲು ಪ್ರತಿಮೆ ನಿಲ್ಲಿಸಿದವಳು ಇವಳು, ಅದಕ್ಕೆ ಎಂದು ಕಾರಣವನ್ನೂ ಕಲ್ಲಿನಲ್ಲಿ ಬರೆಸಿದಳು. ಇಬ್ಬರು ಹೆಂಗಸರ ಈ ಕೊಡುಕೊಳ್ಳುವಿಕೆ ಎಷ್ಟು ಚೆನ್ನಾಗಿದೆ!

ಮೂರನೇ ದಿನ: ಮೊಂಟೆಮಾರ್ಟಿನಿ, ಓಸ್ಟಿಯಾ

ಪೀಠ ನೋಡಿ ನೋಡಿ, ಅದರ ಮೇಲೆ ನಿಂತಿದ್ದವರು ಹೇಗಿದ್ದರು ಎಂದು ನೋಡುವ ಆಸೆಯಾಯಿತು. ಅದಕ್ಕೆ ಓಸ್ಟಿಯೆನ್ಸೆ ರಸ್ತೆಯ ಚೆಂಟ್ರಾಲೆ ಮೊಂಟೆಮಾರ್ಟಿನಿಗೆ ಹೋಗಬೇಕು. ಇದು 1912ರ ವಿದ್ಯುತ್ ಸ್ಥಾವರ. ಡೀಸೆಲ್ ಎಂಜಿನ್‌ಗಳು, ಬಾಯ್ಲರ್ ಎಲ್ಲ ಹಾಗೇ ಇಟ್ಟು ಅವುಗಳ ನಡುವೆ ಶಿಲ್ಪಗಳನ್ನು ನಿಲ್ಲಿಸಿದ್ದಾರೆ. ಸೋಮವಾರ ರಜೆ, ನೆನಪಿರಲಿ.

ಇಲ್ಲಿ ಇಬ್ಬರು ಅಧಿಕಾರಿಗಳು ನಿಂತಿದ್ದಾರೆ, ಒಬ್ಬ ವಯಸ್ಸಾದವನು, ಒಬ್ಬ ಯುವಕ. ಎಸ್ಕ್ವಿಲೈನ್ ಗುಡ್ಡದ ಕಡೆ ಸಿಕ್ಕವರು. ಇಬ್ಬರ ಬಲಗೈಯೂ ಮೇಲೆದ್ದಿದೆ, ಮುಷ್ಟಿಯಲ್ಲಿ ಮಡಿಸಿದ ಬಟ್ಟೆ. ಅದನ್ನು ಎಸೆದರೆ ರಥಗಳ ಓಟ ಶುರು. ದೊಡ್ಡ ಪದವಿಗೆ ಬಂದವನು ಸ್ವಂತ ಖರ್ಚಿನಲ್ಲಿ ಆಟ ಆಡಿಸಬೇಕಿತ್ತು, ಆ ಹೆಮ್ಮೆಯ ಗಳಿಗೆಯೇ ಇದು. ಮುದುಕನ ಹಣೆಯ ಗೆರೆಗಳನ್ನು ಹತ್ತಿರದಿಂದ ನೋಡಿದೆ. ಸುಖವಾಗಿ ಬಾಳಿದ ಮುಖವಲ್ಲ, ತುಂಬ ಯೋಚನೆ ಮಾಡಿದ ಮುಖ. ಆ ಕಾಲದ ಶಿಲ್ಪಿಗಳಿಗೆ ಕೈಚಳಕ ಹೋಗಿತ್ತು ಎನ್ನುವವರು ಈ ಮುಖವನ್ನೊಮ್ಮೆ ನೋಡಬೇಕು. ಇವರ ಪೀಠಗಳು ಸಿಕ್ಕಿಲ್ಲ. ಹಾಗಾಗಿ ಇಬ್ಬರಿಗೂ ಹೆಸರಿಲ್ಲ.

ಬೇಕಾದವರೆಲ್ಲ ಹೀಗೆ ಪ್ರತಿಮೆ ನಿಲ್ಲಿಸಿಕೊಳ್ಳಲೂ ಆಗುತ್ತಿರಲಿಲ್ಲ. 398ರ ಒಂದು ಕಾನೂನು ಚಕ್ರವರ್ತಿ ಜಸ್ಟಿನಿಯನ್ ಮಾಡಿಸಿದ ಕಾನೂನು ಸಂಗ್ರಹದಲ್ಲಿ ಉಳಿದಿದೆ. ಅಧಿಕಾರದಲ್ಲಿರುವಾಗಲೇ ಚಕ್ರವರ್ತಿಯ ಅಪ್ಪಣೆ ಇಲ್ಲದೆ ಕಂಚು, ಬೆಳ್ಳಿ, ಅಮೃತಶಿಲೆಯ ಪ್ರತಿಮೆ ಮಾಡಿಸಿಕೊಂಡವನು ನಾಲ್ಕು ಪಟ್ಟು ದಂಡ ಕಟ್ಟಬೇಕು. ಜನರನ್ನು ಹಿಂಡಿ ಹಣ ಎತ್ತಿಸಿ 'ಊರಿನವರ ಪ್ರೀತಿ' ಎಂದು ಬರೆಸಿಕೊಳ್ಳುವವರು ಎಷ್ಟು ಜನ ಇದ್ದರೋ!

ಪಿರಮಿಡ್ ನಿಲ್ದಾಣದಿಂದ ಲೋಕಲ್ ರೈಲು ಹಿಡಿದು ಓಸ್ಟಿಯಾಗೆ ಹೋದೆವು. ರೋಮಿಗೆ ಧಾನ್ಯ ಬರುತ್ತಿದ್ದ ಹಳೆಯ ಬಂದರು. ಊರು ದೊಡ್ಡದು, ಬಿಸಿಲೂ ಜೋರಿತ್ತು, ಹೆಚ್ಚು ಸುತ್ತಲಿಲ್ಲ. ನಮಗೆ ಬೇಕಾಗಿದ್ದು ಒಂದೇ ಶಾಸನ. 'ಕೊಳಕು ಜಾಗದಿಂದ ತಂದು, ಫೋರಂನ ಅಂದಕ್ಕಾಗಿ, ಜನರಿಗೆ ಕಾಣುವಂತೆ ಇಟ್ಟದ್ದು' ಎಂದಿದೆ. ಮಾಡಿಸಿದವನು ಧಾನ್ಯ ಸರಬರಾಜಿನ ಅಧಿಕಾರಿ ಪಬ್ಲಿಯಸ್ ಅಟ್ಟಿಯಸ್ ಕ್ಲೆಮೆಂಟಿನಸ್. ಪ್ರತಿಮೆ ಯಾರದು? ಹೇಳಿಲ್ಲ. ಪಾಳು ಬಿದ್ದ ಕಟ್ಟಡದಲ್ಲಿದ್ದ ಒಳ್ಳೆಯ ಹಳೆಯ ಶಿಲ್ಪವೊಂದನ್ನು ಎತ್ತಿ ತಂದಿದ್ದಾನೆ. ಈಗ ಮೇಲಿನವನ ಹೆಸರೇ ಬೇಕಾಗಿಲ್ಲ, ಕೆಳಗಿನವನದು ಸಾಕು.

ರೋಮಿನಲ್ಲೂ ಹೀಗೆ ನಡೆದಿದೆ. ಪ್ರಿಫೆಕ್ಟ್ ಗಾಬಿನಿಯಸ್ ವೆಟ್ಟಿಯಸ್ ಪ್ರೊಬಿಯಾನಸ್ 416ರಲ್ಲಿ ಫೋರಂನ ದೊಡ್ಡ ಸಭಾಂಗಣವಾದ ಬಸಿಲಿಕಾ ಜೂಲಿಯಾವನ್ನು ರಿಪೇರಿ ಮಾಡಿಸಿ ಹಳೆಯ ಶಿಲ್ಪಗಳಿಂದ ಸಿಂಗರಿಸಿ ತನ್ನ ಹೆಸರು ಹಾಕಿಸಿದ. ಆಗ ಅಲಾರಿಕ್‌ನ ಕೊಳ್ಳೆಯಾಗಿ ಆರು ವರ್ಷ. ಇವನ ಹೆಸರನ್ನು ನೋಡಿದರೆ ನನಗೆ ಬೇಸರ ಬರುವುದಿಲ್ಲ. ಸುಟ್ಟ ಊರನ್ನು ಮತ್ತೆ ಚೆಂದ ಕಾಣಿಸಬೇಕು ಅಂದುಕೊಂಡವನು ಒಂದು ಸಾಲು ಬರೆಸಿಕೊಂಡರೆ ತಪ್ಪೇನು?

ನಾಲ್ಕನೇ ದಿನ: ನೇಪಲ್ಸ್

ಬೆಳಗಿನ ವೇಗದ ರೈಲು ಸ್ವಲ್ಪ ಹೆಚ್ಚುಕಡಿಮೆ ಒಂದು ಗಂಟೆಯಲ್ಲಿ ನೇಪಲ್ಸ್ ಮುಟ್ಟಿಸಿತು. ಅಲ್ಲಿಯ ರಾಷ್ಟ್ರೀಯ ಪುರಾತತ್ವ ಮ್ಯೂಸಿಯಂಗೆ ಜನ ಬರುವುದು ಪಾಂಪೆಯ ಚಿತ್ರಗಳಿಗಾಗಿ. ನಾವು ಬಂದದ್ದು ಕ್ಲಾಡಿಯನ್ ಎಂಬ ಕವಿಯ ಪೀಠಕ್ಕಾಗಿ. ರೋಮಿನಲ್ಲಿ 15ನೇ ಶತಮಾನದಲ್ಲಿ ಸಿಕ್ಕ ಕಲ್ಲು ಆಮೇಲೆ ಇಲ್ಲಿಗೆ ಬಂದು ಸೇರಿದೆ.

ಕ್ಲಾಡಿಯನ್ ಅಲೆಕ್ಸಾಂಡ್ರಿಯಾದವನು. ಗ್ರೀಕ್ ಅವನ ಮನೆಮಾತು, ಆದರೂ ಲ್ಯಾಟಿನ್‌ನಲ್ಲಿ ಬರೆದು ದೊಡ್ಡವನಾದ. ಬರೆದದ್ದು ಹೆಚ್ಚಾಗಿ ಸ್ಟಿಲಿಕೊನನ್ನು ಹೊಗಳಿಯೇ. ಸುಮಾರು 400ರಲ್ಲಿ ಸೆನೆಟ್ ಕೇಳಿಕೊಂಡಿದ್ದಕ್ಕೆ ಅರ್ಕಾಡಿಯಸ್, ಹೊನೊರಿಯಸ್ ಇಬ್ಬರೂ ಟ್ರೇಜನ್ ಫೋರಂನಲ್ಲಿ ಅವನ ಪ್ರತಿಮೆಗೆ ಅಪ್ಪಣೆ ಕೊಟ್ಟರು. 'ಶಾಶ್ವತ ನೆನಪಿಗೆ ಅವನು ಬರೆದ ಪದ್ಯಗಳೇ ಸಾಕು, ಆದರೂ' ಎಂದು ಶಾಸನವೇ ಒಪ್ಪಿಕೊಳ್ಳುತ್ತದೆ. ಕೊನೆಗೆ ಎರಡು ಸಾಲು ಗ್ರೀಕ್‌ನಲ್ಲಿ: ವರ್ಜಿಲ್‌ನ ಮನಸ್ಸೂ ಹೋಮರ್‌ನ ಕಾವ್ಯವೂ ಒಬ್ಬನಲ್ಲೇ ಸೇರಿವೆ, ಆ ಕ್ಲಾಡಿಯನ್‌ನನ್ನು ರೋಮ್ ಮತ್ತು ದೊರೆಗಳು ಇಲ್ಲಿ ನಿಲ್ಲಿಸಿದ್ದಾರೆ.

ಸ್ಟಿಲಿಕೊನ ಹೆಸರನ್ನು ಕೆತ್ತಿ ಹಾಕಿದವರು ಅವನ ಕವಿಯ ಹೆಸರನ್ನು ಮುಟ್ಟಲಿಲ್ಲ. ಒಡೆಯ ಹೋದ, ಹಾಡಿದವನು ಉಳಿದ. ಮುಕ್ಕಾದ ಅಂಚು ಬಿಟ್ಟರೆ ಕಲ್ಲು ಚೆನ್ನಾಗಿದೆ. ತಂಗಿ ಗ್ರೀಕ್ ಅಕ್ಷರಗಳನ್ನು ಒಂದೊಂದಾಗಿ ಕೂಡಿಸಿಕೊಂಡು ಓದಿ, "ಹೋಮರ್ ಇಲ್ಲಿದಾನೆ ಅಕ್ಕಾ" ಎಂದು ತೋರಿಸಿದಳು.

ಐದನೇ ದಿನ: ಬಾರ್ಲೆಟ್ಟಾ

ಕಸೆರ್ತಾ, ಫೋಜ್ಜಾ ದಾಟಿ ಪೂರ್ವದ ಕರಾವಳಿಗೆ ಬರುವಷ್ಟರಲ್ಲಿ ಅರ್ಧ ದಿನ ಹೋಯಿತು. ಬಾರ್ಲೆಟ್ಟಾ ಸಣ್ಣ ಊರು, ಆಡ್ರಿಯಾಟಿಕ್ ದಂಡೆಯಲ್ಲಿದೆ. ಸಾಂತೊ ಸೆಪೊಲ್ಕ್ರೊ ಚರ್ಚಿನ ಪಕ್ಕ, ರಸ್ತೆಯಲ್ಲೇ, ಸುಮಾರು ಐದು ಮೀಟರ್ ಎತ್ತರದ ಕಂಚಿನ ಚಕ್ರವರ್ತಿ ನಿಂತಿದ್ದಾನೆ. ಆ ಕಾಲದ ಇಷ್ಟು ದೊಡ್ಡ ಕಂಚಿನ ಪ್ರತಿಮೆ ಉಳಿದದ್ದೇ ಅಪರೂಪ. ಗಂಟು ಮುಖ, ಕಿರೀಟದ ಪಟ್ಟಿ, ಎದೆಗವಚ. ಕಾಲುಗಳನ್ನು ನೋಡಿದರೆ ಏನೋ ಸರಿಯಿಲ್ಲ ಅನ್ನಿಸುತ್ತದೆ. 1309ರಲ್ಲಿ ರಾಜ ಎರಡನೇ ಚಾರ್ಲ್ಸ್ ಇದರ ಕೈಕಾಲಿನ ಕಂಚನ್ನು ಮನ್‌ಫ್ರೆಡೋನಿಯಾದ ಡೊಮಿನಿಕನ್ ಸನ್ಯಾಸಿಗಳಿಗೆ ಗಂಟೆ ಎರಕ ಹೊಯ್ಯಲು ಕೊಟ್ಟುಬಿಟ್ಟ. ಈಗಿರುವವು 15ನೇ ಶತಮಾನದಲ್ಲಿ ಹೊಸದಾಗಿ ಹಚ್ಚಿದವು.

ಇವನು ಯಾರು? ಮಾರ್ಸಿಯನ್, ಒಂದನೇ ಲಿಯೊ, ಎರಡನೇ ಥಿಯೊಡೋಸಿಯಸ್, ಹೊನೊರಿಯಸ್ ಎಂದೆಲ್ಲ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಊರಿನವರಿಗೆ ಇವನು ಹೆರಾಕ್ಲಿಯಸ್. ಕಾನ್‌ಸ್ಟಾಂಟಿನೋಪಲ್‌ನಿಂದ ವೆನಿಸ್‌ನವರು ಹೊತ್ತು ತರುವಾಗ ಹಡಗು ಒಡೆದು ಇಲ್ಲಿ ದಡ ಸೇರಿದ ಎಂಬ ಕಥೆಯೂ ಇದೆ. ಪೀಠ ಇಲ್ಲ, ಹಾಗಾಗಿ ಹೆಸರೂ ಇಲ್ಲ, ನಿಲ್ಲಿಸಿದವನೂ ಇಲ್ಲ. ಮೇಲಿನ ಸಾಲು, ಕೆಳಗಿನ ಸಾಲು ಎರಡೂ ಹೋದವು.

ಸಂಜೆ ಚರ್ಚಿನ ಎದುರಿನ ಅಂಗಡಿಯಲ್ಲಿ ಕಾಫಿ ಕುಡಿಯುತ್ತಾ ಆಕ್ಸ್‌ಫರ್ಡ್‌ನವರು ಮಾಡಿರುವ ಆನ್‌ಲೈನ್ ಪಟ್ಟಿ ತೆರೆದೆವು. ಸಾಮ್ರಾಜ್ಯದ ಉದ್ದಗಲಕ್ಕೆ, 284ರಿಂದ ಸುಮಾರು 650ರವರೆಗಿನ ಪ್ರತಿಮೆ, ಪೀಠ, ಬರಹದ ಉಲ್ಲೇಖ ಎಲ್ಲ ಸೇರಿ 2,500ಕ್ಕೂ ಹೆಚ್ಚು ದಾಖಲೆಗಳಿವೆ. ಫೋಟೋ, ಮೂಲ ಪಾಠ, ಅನುವಾದ ಎಲ್ಲವೂ ಪುಕ್ಕಟೆ. ಉತ್ತರ ಆಫ್ರಿಕಾದ ಲೆಪ್ಟಿಸ್ ಮಾಗ್ನಾ ಊರಿನ ಪುಟ ತೆಗೆದೆ. ಲ್ಯಾಟಿನ್ ಪೀಠಗಳು ಸಾಲುಸಾಲಾಗಿವೆ. ತಂಗಿ ಫೋನ್ ತನ್ನ ಕಡೆ ಎಳೆದುಕೊಂಡಳು. "ತಾಳು ಅಕ್ಕಾ, ಯಾರು ನಿಲ್ಲಿಸಿದ್ದು ಅಂತ ಮೊದಲು ನೋಡೋಣ."